ಬಾಗಿಲಲ್ಲಿ ಅಪ್ಪಣ್ಣನವರಿರಲಿ

ಕೃಷ್ಣೆಯ ತಡಿಯ ತಂಗಡಗಿಯು ಶರಣೆ ನೀಲಾಂಬಿಕೆಯವರೂ ಹಡಪದ ಅಪ್ಪಣ್ಣನವರೂ ಐಕ್ಯರಾದ ಪುಣ್ಯಭೂಮಿ. ಕ್ಷೌರಿಕನ ಮುಖದರ್ಶನವೇ ಅಪಶಕುನವೆಂದು ಲೋಕವು ನಂಬಿದ್ದ ಕಾಲದಲ್ಲಿ, ತಮ್ಮನ್ನು ಕಾಣಬಯಸುವವರು ಮೊದಲು ಅಪ್ಪಣ್ಣನವರನ್ನು ಕಾಣತಕ್ಕದ್ದೆಂದು ಬಸವಣ್ಣನವರು ವಿಧಿಸಿದ್ದರೆಂಬ ಪ್ರತೀತಿ ನಮ್ಮಲ್ಲುಂಟು. ಒಂದು ಶಬ್ದದ ನೆವದಿಂದ ಜನರು ಯಾರನ್ನು ದೂರವಿಟ್ಟಿದ್ದರೋ, ಅವರೇ ಬಂದವರನ್ನು ವಿಚಾರಿಸುವ ಹೊಣೆ ಹೊತ್ತರು.

ಈ ಮಾತು ಇಂದಿಗೂ ಪ್ರಸ್ತುತವಾಗಿದೆ. ಈಗ ಅನೇಕ ಮಠಗಳೂ ವಿದ್ಯಾಸಂಸ್ಥೆಗಳೂ ಜಾಲತಾಣಗಳನ್ನು ಹೊಂದಿವೆ. ಭಕ್ತರು ತಮ್ಮ ಬಿನ್ನಹವನ್ನು ಅಲ್ಲಿಯ ಅರ್ಜಿ ನಮೂನೆಯಲ್ಲಿ ತುಂಬಿ ಕಳಿಸುತ್ತಾರೆ. ಅದೇ ದಾರಿಯಿಂದ ಸಾಲದ, ಜೂಜಿನ, ಕಾಮೋತ್ತೇಜಕ ಔಷಧಗಳ ಜಾಹೀರಾತುಗಳೂ ರಾಶಿರಾಶಿಯಾಗಿ ನುಗ್ಗುತ್ತವೆ. ಆದಕಾರಣ ನಿಷಿದ್ಧ ಶಬ್ದಗಳ ಪಟ್ಟಿಯೊಂದನ್ನು ಮಾಡಿ, ಅವುಗಳಲ್ಲೊಂದು ಕಂಡರೂ ಪತ್ರವನ್ನು ತಿರಸ್ಕರಿಸುವಂತೆ ಗಣಕಯಂತ್ರಕ್ಕೆ ಆಜ್ಞೆ ಮಾಡಿರುತ್ತಾರೆ. ಕಾವಲು ಅವಶ್ಯ, ಸಂದೇಹವಿಲ್ಲ.

ಆದರೆ ಪರಿಚಯದ ಸಂಸ್ಥೆಯೊಂದರ ಪಟ್ಟಿಯನ್ನು ನೋಡಿ ನಾನು ಚಿಂತೆಗೊಳಗಾದೆ. 'ಉಚಿತ', 'ಸಾಲ', 'ಲಿಂಗ' ಈ ಮೂರೂ ಅದರಲ್ಲಿದ್ದವು! ಯಂತ್ರವು ಅಕ್ಷರವನ್ನು ಬಲ್ಲುದೇ ಹೊರತು ಅರ್ಥವನ್ನಲ್ಲ. ಮಗುವಿನ ಲಿಂಗದೀಕ್ಷೆಯ ದಿನವನ್ನು ಕೇಳಿದ ತಾಯಿಯ ಪತ್ರವೂ ಅದಕ್ಕೆ ಅಶ್ಲೀಲವೇ. ಇಂಡಿ ತಾಲೂಕಿನ ಸಾಲೋಟಗಿಯವರು ಊರ ಹೆಸರು ಬರೆದರೂ ಸಾಕು; 'ಲೋ' ಎಂಬುದನ್ನು ಗಣಕವು 'ಲ' ಮತ್ತು ಸ್ವರಚಿಹ್ನೆಯೆಂದು ಬಿಡಿಸಿ ಓದುವುದರಿಂದ, ಪದದೊಳಗಿನ ತುಣುಕನ್ನೂ ಹುಡುಕುವ ಯಂತ್ರಕ್ಕೆ ಅಲ್ಲಿ 'ಸಾಲ' ಸಿಕ್ಕಿಬಿಡುತ್ತದೆ. 1996ರಲ್ಲಿ ಇಂಗ್ಲೆಂಡಿನ ಸ್ಕನ್‌ಥಾರ್ಪ್ ಪಟ್ಟಣದವರಿಗೂ ಇದೇ ಗತಿಯಾಯಿತು. ಊರ ಹೆಸರಿನೊಳಗೆ ಅಡಗಿದ್ದ ಕೆಟ್ಟ ಶಬ್ದವೊಂದರ ನಿಮಿತ್ತ ಅಮೆರಿಕ ಆನ್‌ಲೈನ್ ಎಂಬ ಕಂಪನಿಯ ಯಂತ್ರವು ಅವರ ನೋಂದಣಿಯನ್ನೇ ನಿರಾಕರಿಸಿತು.

ಎಲ್ಲಕ್ಕಿಂತ ನೋವಿನ ಸಂಗತಿ ಬಡವರದು. "ಸಾಲ ಮಾಡಿ ಬಿತ್ತಿದ್ದೇವೆ, ಮಳೆ ಕೈಕೊಟ್ಟಿದೆ, ಮಗನಿಗೆ ಉಚಿತ ಪ್ರಸಾದನಿಲಯದಲ್ಲಿ ಸ್ಥಳವಿದೆಯೇ?" ಎಂದು ರೈತನೊಬ್ಬನು ಬರೆದರೆ, ವಂಚಕನು ಬಳಸುವ ಶಬ್ದಗಳೇ ಅವನ ಬಾಯಲ್ಲೂ ಇವೆ. ವಂಚಕನಾದರೋ ಅಕ್ಷರಗಳ ನಡುವೆ ಚುಕ್ಕೆಯಿಟ್ಟು ನುಸುಳುತ್ತಾನೆ. ಸರಳ ಮನಸ್ಸಿನ ರೈತನು ಬಾಗಿಲಲ್ಲೇ ಉಳಿಯುತ್ತಾನೆ. ಉತ್ತರ ಬಾರದಿದ್ದಾಗ ಅವನು ಯಂತ್ರವನ್ನು ದೂರುವುದಿಲ್ಲ. ಮಠವೇ ತನ್ನನ್ನು ಕೈಬಿಟ್ಟಿತೆಂದು ಭಾವಿಸುತ್ತಾನೆ.

ಹಾಗಾದರೆ ಮಾಡಬೇಕಾದುದೇನು? ಒಂದೇ ಶಬ್ದದಿಂದ ತೀರ್ಪು ಬೇಡ. ಅಪರಿಚಿತ ಕೊಂಡಿಗಳೆಷ್ಟಿವೆ, ಒಂದೇ ಬರಹ ಪದೇಪದೇ ಬಂದಿದೆಯೇ ಎಂಬುದನ್ನೂ ಕೂಡಿಸಿ ನೋಡಬೇಕು. ಮನುಷ್ಯರ ಕಣ್ಣಿಗೆ ಕಾಣದ ಖಾಲಿ ಅಂಕಣವೊಂದನ್ನು ನಮೂನೆಯಲ್ಲಿ ಇಡುವ ಉಪಾಯವೂ ಉಂಟು. ಅದನ್ನು ಸಾಮಾನ್ಯವಾಗಿ ಯಂತ್ರವೇ ತುಂಬಿ ಸಿಕ್ಕಿಬೀಳುತ್ತದೆ. ಸಂಶಯದ ಪತ್ರಗಳನ್ನು ಅಳಿಸದೆ ಬೇರೆಡೆ ಕೂಡಿಟ್ಟು, ಭಾಷೆ ಬಲ್ಲ ಒಬ್ಬರು ದಿನಕ್ಕೊಮ್ಮೆ ಓದಲಿ. ನಮೂನೆಯ ಕೆಳಗೆ ದೂರವಾಣಿ ಸಂಖ್ಯೆಯೂ ಇರಲಿ.

ಜರಡಿಯನ್ನು ಯಂತ್ರವು ಹಿಡಿಯಲಿ. ಆದರೆ ಜರಡಿಯಲ್ಲಿ ಉಳಿದುದನ್ನು ಚೆಲ್ಲುವ ಮುನ್ನ ಕೈಯಾಡಿಸಿ ನೋಡುವುದು ನಮ್ಮ ಮನೆಗಳ ತಾಯಂದಿರ ರೂಢಿ. ಸಂಸ್ಥೆಗಳ ಹಿರಿಯರು ಅಷ್ಟನ್ನು ಪಾಲಿಸಿದರೂ ಸಾಕು.