ಎರಡು ರೈಲುಗಳ ನಡುವಿನ ಊರು

ಹಡಗಿನಲ್ಲಿ ಪ್ರವಾಸ ಹೋಗಿದ್ದ ಅಣ್ಣನ ಮಗಳು ಬಾರ್ಸಿಲೋನಾದಿಂದ ಫೋನ್ ಮಾಡಿದ್ದಳು. "ಕಾಕಾ, ಈಗ ಇಳಿಸ್ಯಾರ, ಸಂಜೀಕ ಹಡಗು ಬಿಡ್ತದ. ಇಷ್ಟರಾಗ ಏನ್ ನೋಡ್ಲಿ?"

ನನಗೆ ಸ್ಪೇನ್ ಗೊತ್ತಿಲ್ಲ, ಅವಳ ಪೇಚು ಗೊತ್ತು. "ಒಂದ ನೋಡವಾ, ಕೂತು ನೋಡು" ಎಂದೆ. ಹಡಗು ಹತ್ತದೆಯೂ ನನ್ನ ಚಟ ಅದೇ. ಬೆಳಗಿನ ರೈಲಿಗೆ ಯಾವುದೋ ಊರಲ್ಲಿ ಇಳಿಯುವುದು, ಸಂಜೆಯ ರೈಲಿಗೆ ಹತ್ತಿ ಹುಬ್ಬಳ್ಳಿಗೆ ಮರಳುವುದು. ಕೈಯಲ್ಲಿ ಚೀಲವೂ ಬೇಡ, ಲಾಡ್ಜೂ ಬೇಡ.

ಈ ಚಟಕ್ಕೆ ಹೇಳಿ ಮಾಡಿಸಿದ ರೇವು ಘಟಪ್ರಭಾ ಸ್ಟೇಷನ್. ಹುಕ್ಕೇರಿಯ ಕಡೆ ಹೋದರೆ ಹಳೇ ಗುಮ್ಮಟಗಳು, ಕಂಬಾರರ ಹುಟ್ಟೂರು ಘೋಡಗೇರಿ. ಮೂಡಲಗಿಯಲ್ಲಿ ಶಿವಬೋಧರಂಗರ ಮಠ. ಗೋಕಾಕದಲ್ಲಿ ಫಾಲ್ಸ್. ಒಮ್ಮೆ ಮೂರನ್ನೂ ಒಂದೇ ದಿನ ಮುಟ್ಟಲು ಹೋಗಿ ಮೂರು ಬಸ್ ಸ್ಟ್ಯಾಂಡುಗಳನ್ನಷ್ಟೇ ನೋಡಿ ಬಂದಿದ್ದೇನೆ. ಅಂದಿನಿಂದ ಇಳಿದ ಕೂಡಲೇ ಮರಳುವ ರೈಲಿನ ಹೊತ್ತು ಕೇಳಿಕೊಳ್ಳುತ್ತೇನೆ. ಆಮೇಲೆ ಎರಡು ಊರು ಬಿಡುತ್ತೇನೆ. ಯಾವುದನ್ನು ಬಿಡಬೇಕು ಅನ್ನುವುದೇ ಈ ಕಸುಬಿನ ಅರ್ಧ ಸುಖ.

ಕಳೆದ ಶ್ರಾವಣದಲ್ಲಿ ಉಳಿದದ್ದು ಗೋಕಾಕ. ಕೊಣ್ಣೂರು ದಾಟಿ ಬಸ್ಸಿಳಿದರೆ ನೀರು ಕಾಣುವ ಮೊದಲೇ ಕೇಳಿಸಿತು. ಕುದುರೆ ಲಾಳದಂತೆ ಬಾಗಿದ ಬಂಡೆಯಂಚಿನಿಂದ ಘಟಪ್ರಭೆ 52 ಮೀಟರ್ ಕೆಳಕ್ಕೆ ದುಮುಕುತ್ತಾಳೆ; ಮಳೆಗಾಲದಲ್ಲಿ ಬಣ್ಣ ಥೇಟ್ ಬೆಲ್ಲದ ಚಹಾ. ತುಂತುರು ಬಂದು ಕನ್ನಡಕದ ಮೇಲೆ ಕೂತಿತು. ಒರೆಸಿದೆ, ಮತ್ತೆ ಕೂತಿತು. ಒರೆಸುವುದನ್ನು ಬಿಟ್ಟು ನಾನೂ ಕೂತೆ. ಎದುರಿಗೆ ತೂಗುಸೇತುವೆ, ಆಚೆ ಗಿರಣಿ. ಅಣ್ಣನ ಮಗಳು ಬಾರ್ಸಿಲೋನಾದಿಂದ ಒಂದೇ ಫೋಟೊ ಕಳಿಸಿದ್ದಳು: 1882ರಲ್ಲಿ ಕಟ್ಟಲು ಹಿಡಿದ ಸಗ್ರಾದ ಫಮಿಲಿಯಾ ಚರ್ಚು. ಅಲ್ಲಿ ಆ ಗೋಡೆಗಳು ಏಳುತ್ತಿದ್ದ ಕಾಲಕ್ಕೇ, 1885ರಲ್ಲಿ, ಇಲ್ಲಿ ಗಿರಣಿ ಕಂಪನಿ ಹುಟ್ಟಿತು; 1887ರಲ್ಲಿ ಈ ನೀರಿನಿಂದ ವಿದ್ಯುತ್ ತೆಗೆದರು. ಇಷ್ಟೆಲ್ಲ ದುಡಿದೂ ನೀರಿಗೆ ಇನ್ನೂ ಕೂಗುವ ಹುರುಪಿದೆ.

ಮಧ್ಯಾಹ್ನ ಊರೊಳಗೆ ಕರದಂಟು. "ಇದರಾಗ ಏನೇನ್ ಹಾಕ್ತೀರಿ?" ಎಂದೆ. "ಹೆಸರಿನಾಗ ಅದ ಅಲ್ರೀ ಸರ, ಕರದ ಅಂಟು" ಎಂದು ಅಂಗಡಿಯವರು ಒಂದು ತುಂಡು ಅಂಗೈಗಿಟ್ಟರು. ಅಂಟನ್ನು ಕಾದ ತುಪ್ಪಕ್ಕೆ ಬಿಟ್ಟರೆ ಅರಳಿನಂತೆ ಉಬ್ಬುತ್ತದೆ. ಅದಕ್ಕೆ ಒಣಕೊಬ್ಬರಿ, ಗೋಡಂಬಿ, ಬದಾಮಿ, ಉತ್ತತ್ತಿ ಕೂಡಿಸಿ, ಬೆಲ್ಲದ ಪಾಕದಲ್ಲಿ ಕಲಸಿ, ಹರಡಿ, ಕೊಯ್ಯುತ್ತಾರೆ. ಬಾಯಿಗಿಟ್ಟರೆ ಮೊದಲು ಅಂಟು ಗರಿಗರಿ, ಆಮೇಲೆ ಬೆಲ್ಲ ಜಗಿ ಜಗಿ. ಅವಸರದವರ ತಿನಿಸಲ್ಲ; ಎದ್ದು ಹೊರಡುವವರನ್ನೂ ಹಲ್ಲು ಹಿಡಿದು ಕೂರಿಸುತ್ತದೆ.

ಹೊರಡುವಾಗ ಗೋಕಾಕದ ಕಟ್ಟಿಗೆಯ ಮಾವಿನಹಣ್ಣು ಕೊಂಡೆ. ತೊಟ್ಟಿನ ಬಳಿ ಹಸಿರು, ಕೆನ್ನೆಗೆ ಕೆಂಪು.

ರೈಲಿನಲ್ಲಿ ಎದುರು ಕೂತ ಅಜ್ಜಿಯ ಕಣ್ಣು ಅದರ ಮೇಲೆ. "ಶ್ರಾವಣದಾಗ ಮಾವಿನಹಣ್ಣ ಎಲ್ಲಿ ಸಿಕ್ತೋ ತಮ್ಮಾ?" ಕೈಗೆ ಕೊಟ್ಟೆ. ಹಿಚುಕಿದರು, ಮೂಸಿದರು, ಕಿಟಕಿಯ ಸರಳಿಗೆ ಟಕ್ಕೆಂದು ಬಡಿದು ನಕ್ಕರು.

"ಮುಂದಿನ ವರ್ಷಕ್ಕೂ ಕೆಡಂಗಿಲ್ಲ ಬಿಡು."

ಬಿಟ್ಟುಬಂದ ಹುಕ್ಕೇರಿ, ಮೂಡಲಗಿಗಳೂ ಅಷ್ಟೇ.