ಹತ್ತೊಂಬತ್ತನೇ ಗೇಟಿನ ವಾರ

ಹಂಪಿ ಎಕ್ಸ್‌ಪ್ರೆಸ್ ರಾತ್ರಿಯ ರೈಲು. ಬೆಂಗಳೂರಿನಲ್ಲಿ ಹತ್ತಿ ಮಲಗಿದರೆ ಬಳ್ಳಾರಿ ಬರುವ ಹೊತ್ತಿಗೆ ಬೆಳಕು ಹರಿಯುತ್ತದೆ. ಅದರಲ್ಲಿ ಹೊಸಪೇಟೆಗೆ ಹೋಗುವವರು ಎರಡು ಬಗೆ. ಟೋಪಿ, ಕ್ಯಾಮೆರಾ ಹಿಡಿದು ಹಂಪಿ ನೋಡಲು ಹೊರಟವರು ಒಂದು ಬಗೆ, ನನ್ನಂತೆ ಹೊಟ್ಟೆಪಾಡಿಗೆ ಹೊರಟವರು ಇನ್ನೊಂದು. ಕಾಲೇಜುಗಳ ಪ್ರಯೋಗಾಲಯದಲ್ಲಿರುವ ಸೂಕ್ಷ್ಮದರ್ಶಕ, ತಕ್ಕಡಿಗಳನ್ನು ರಿಪೇರಿ ಮಾಡುವುದು ನನ್ನ ಕೆಲಸ. ವರ್ಷಕ್ಕೆ ಎರಡು ಸಲವಾದರೂ ಆ ಕಡೆಗೆ ಹೋಗುತ್ತೇನೆ. ಹಂಪಿಯನ್ನು ಸರಿಯಾಗಿ ನೋಡಿದ್ದು ಮಾತ್ರ ಒಂದೇ ಸಲ, ಅದೂ ಮದುವೆಯಾದ ಹೊಸದರಲ್ಲಿ.

2024ರ ಆಗಸ್ಟ್ 12, ಸೋಮವಾರ ರಾತ್ರಿ ಹೊರಟಾಗ ಈ ಎರಡು ಬಗೆ ಇರಲಿಲ್ಲ. ನಮ್ಮ ಬೋಗಿಯಲ್ಲಿದ್ದವರೆಲ್ಲ ಒಂದೇ ವಿಷಯ ಮಾತಾಡುತ್ತಿದ್ದರು. ಶನಿವಾರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 19ನೇ ಗೇಟಿನ ಚೈನು ತುಂಡಾಗಿ, ಗೇಟು ಹೊಳೆಯ ಪಾಲಾಗಿತ್ತು. ಸಿರುಗುಪ್ಪದ ಕಡೆಯ ಹಿರಿಯರೊಬ್ಬರು ಕೆಳಗಿನ ಬರ್ತಿನಲ್ಲಿ ಕೂತು, ಮೇಲೆ ಮೊಬೈಲ್ ನೋಡುತ್ತಿದ್ದ ಹುಡುಗನನ್ನು ಗಳಿಗೆಗೊಮ್ಮೆ ಕೇಳುತ್ತಿದ್ದರು, "ಏನಂತಪ್ಪಾ, ಗೇಟು ಸಿಕ್ತಂತಾ?"

"ಸಿಗಾಕ ಅದೇನು ಕಳಕೊಂಡ ಕುರೀನಾ ಅಜ್ಜಾ" ಎಂದ ಹುಡುಗ. ಬೋಗಿಯೆಲ್ಲ ನಕ್ಕಿತು. ಅಜ್ಜ ನಗಲಿಲ್ಲ. ಅವರ ಆರು ಎಕರೆ ಭತ್ತ ಕಾಲುವೆ ನೀರಿನ ಮೇಲೇ ನಿಂತಿತ್ತು.

ಈ ಅಣೆಕಟ್ಟಿನ ಬಗ್ಗೆ ಸ್ವಲ್ಪ ಹೇಳಬೇಕು. ನಾವು ಈಗ ಕರ್ನಾಟಕ ಎನ್ನುವ ಭಾಗ ಆಗ ಹರಿದು ಹಂಚಿಹೋಗಿತ್ತು. ಹೊಳೆಯ ಎಡದಂಡೆ ಹೈದರಾಬಾದ್ ನಿಜಾಮರದ್ದು, ಬಲದಂಡೆ ಮದ್ರಾಸ್ ಪ್ರಾಂತದ್ದು. ಎರಡೂ ಕಡೆಯವರು ಸೇರಿ 1945ರಲ್ಲಿ ಅಡಿಗಲ್ಲು ಹಾಕಿದರು, 1953ರಲ್ಲಿ ಮುಗಿಯಿತು. ಕಲ್ಲಿನ ಕಟ್ಟಡ. ಸುಣ್ಣಕ್ಕೆ ಇಟ್ಟಿಗೆಯ ಪುಡಿ ಬೆರೆಸಿದ ಸುರ್ಕಿ ಗಾರೆಯಲ್ಲಿ ಕಟ್ಟಿದ್ದು. ಉದ್ದ ಸುಮಾರು ಎರಡೂವರೆ ಕಿಲೋಮೀಟರ್. ಮೇಲೆ 33 ಗೇಟುಗಳು, ಒಂದೊಂದೂ 60 ಅಡಿ ಅಗಲ, 20 ಅಡಿ ಎತ್ತರ. ನಮ್ಮ ಬೀದಿಯಲ್ಲಿ ಒತ್ತೊತ್ತಾಗಿರುವ ಎರಡು ಸೈಟು ಸೇರಿಸಿದರೂ 60 ಅಡಿ ಅಗಲ ಆಗುತ್ತದೋ ಇಲ್ಲವೋ. ಅಂಥ ಕಬ್ಬಿಣದ ಬಾಗಿಲು ಎಪ್ಪತ್ತು ವರ್ಷ ನೀರು ತಡೆದು ಒಂದು ರಾತ್ರಿ ಹೋಯಿತು.

ಹೊಸಪೇಟೆಯಲ್ಲಿ ಇಳಿದು ಮಂಡಕ್ಕಿ ಒಗ್ಗರಣೆ, ಮಿರ್ಚಿ ತಿಂದು ಕಾಲೇಜಿಗೆ ಹೋದೆ. ಹನ್ನೊಂದು ಸೂಕ್ಷ್ಮದರ್ಶಕಗಳಲ್ಲಿ ನಾಲ್ಕಕ್ಕೆ ಬೂಷ್ಟು ಹಿಡಿದಿತ್ತು. ಮಳೆಗಾಲದಲ್ಲಿ ಮಸೂರಕ್ಕೆ ಬೂಷ್ಟು ಹಿಡಿಯುವುದು ಮಾಮೂಲು. ಕೆಲಸ ಮಾಡುತ್ತಿದ್ದರೆ ಲ್ಯಾಬಿನ ಸಹಾಯಕ ಬಂದು ಸುದ್ದಿ ಹೇಳಿ ಹೋಗುತ್ತಿದ್ದ. ಮುಖ್ಯಮಂತ್ರಿ ಬಂದರಂತೆ, ದೊಡ್ಡ ಕ್ರೇನು ಬಂತಂತೆ, ಹೊಸ ಗೇಟು ಕಾರ್ಖಾನೆಯಲ್ಲಿ ತಯಾರಾಗುತ್ತಿದೆಯಂತೆ.

ಸಂಜೆ ಹೆದ್ದಾರಿಯ ಸೇತುವೆಯ ಕಡೆ ನಡೆದೆ. ಅಣೆಕಟ್ಟಿನ ಹತ್ತಿರ ಹೋಗಲಿಲ್ಲ. ಅಲ್ಲಿ ಕೆಲಸ ಮಾಡುವವರ ಕಾಲಿಗೆ ಅಡ್ಡ ಸಿಕ್ಕುವ ಜನ ಆಗಲೇ ಬೇಕಾದಷ್ಟಿದ್ದರು. ದೂರದಿಂದಲೇ ಸದ್ದು ಕೇಳುತ್ತಿತ್ತು. ಒಂದು ಗೇಟು ಹೋದದ್ದಕ್ಕೆ ಉಳಿದ ಗೇಟುಗಳನ್ನೂ ಎತ್ತಿದ್ದರು. ಜಲಾಶಯದ ಮಟ್ಟ ಬೇಗ ಇಳಿದರೆ ಆ ಬಾಗಿಲಿಲ್ಲದ ಕಂಡಿಯ ಮೇಲಿನ ಒತ್ತಡ ಕಡಿಮೆಯಾಗುತ್ತದೆ ಎಂದು. ಹೊಳೆ ಕೆಂಪಗೆ, ನೊರೆ ನೊರೆಯಾಗಿ ಓಡುತ್ತಿತ್ತು. ಸೇತುವೆಯ ಮೇಲೆ ಕೆಲವರು ಸೆಲ್ಫಿ ತೆಗೆಯುತ್ತಿದ್ದರು, ಕೆಲವರು ಸುಮ್ಮನೆ ಕೈಕಟ್ಟಿ ನಿಂತಿದ್ದರು. ಆ ಕೈಕಟ್ಟಿ ನಿಂತವರು ರೈತರು ಎಂದು ಯಾರೂ ಹೇಳಬೇಕಾಗಿರಲಿಲ್ಲ.

ಆ ರಾತ್ರಿ ಮನೆಗೆ ಫೋನ್ ಮಾಡಿದಾಗ ಆರನೇ ತರಗತಿಯ ನನ್ನ ಮಗಳು ಪ್ರಶ್ನೆಗಳ ಪಟ್ಟಿಯನ್ನೇ ಇಟ್ಟುಕೊಂಡಿದ್ದಳು. ಕ್ಯೂಸೆಕ್ ಎಂದರೆ ಏನು? ಒಂದು ಸೆಕೆಂಡಿಗೆ ಒಂದು ಘನ ಅಡಿ ನೀರು, ಅಂದರೆ 28 ಲೀಟರ್, ಹೆಚ್ಚು ಕಡಿಮೆ ಎರಡು ಕೊಡ ಎಂದೆ. "ಒಡೆದ ಗೇಟಿನಿಂದ 35,000 ಕ್ಯೂಸೆಕ್ ಅಂತ ಟಿವಿಯಲ್ಲಿ ಹೇಳಿದರು." ಹಾಗಾದರೆ ಸೆಕೆಂಡಿಗೆ 70,000 ಕೊಡ. ಅವಳು ಸ್ವಲ್ಪ ಹೊತ್ತು ಮಾತಾಡಲಿಲ್ಲ. ನಮ್ಮ ಬಡಾವಣೆಗೆ ಆ ಬೇಸಿಗೆಯಲ್ಲಿ ಟ್ಯಾಂಕರ್ ಬಂದಾಗ ಕೊಡ ಹಿಡಿದು ಸಾಲಿನಲ್ಲಿ ನಿಂತವಳು ಅವಳೇ. ಟಿಎಂಸಿ ಎಂದರೆ ನೂರು ಕೋಟಿ ಘನ ಅಡಿ. ಒಂದು ಲಕ್ಷ ಕ್ಯೂಸೆಕ್ ನೀರು ಒಂದು ಇಡೀ ದಿನ ಹರಿದರೆ 8.64 ಟಿಎಂಸಿ ಖಾಲಿ. ಜಲಾಶಯದ ಸಾಮರ್ಥ್ಯ 105.788 ಟಿಎಂಸಿ. ಕಟ್ಟಿದಾಗ 133ರ ಹತ್ತಿರ ಇತ್ತು, ಉಳಿದ ಜಾಗವನ್ನು ಹೂಳು ನುಂಗಿದೆ. ಅವಳೇ ಭಾಗಿಸಿ, "ಹನ್ನೆರಡು ದಿನಕ್ಕೆ ಎಲ್ಲಾ ಮುಗಿಯುತ್ತೆ ಅಪ್ಪಾ" ಎಂದಳು. ಗೇಟು ಕೂತಿರುವುದು ಕಟ್ಟೆಯ ಮೇಲಿನ 20 ಅಡಿಯಲ್ಲಿ ಮಾತ್ರ, ಅದರ ಕೆಳಗಿನ ನೀರು ಅಲ್ಲೇ ನಿಲ್ಲುತ್ತದೆ ಎಂದು ವಿವರಿಸಿದೆ. ಆದರೆ ರೈತರಿಗೆ ಬೇಕಾದದ್ದು ಆ ಮೇಲಿನ 20 ಅಡಿಯೇ.

"ಹಾಗಾದರೆ ಇಷ್ಟು ನೀರು ಓಡುವಾಗ ಬಾಗಿಲು ಹಾಕೋದು ಹೇಗೆ?"

ಇದಕ್ಕೆ ಉತ್ತರ ಕೊಟ್ಟದ್ದು ನಾನಲ್ಲ. ಫೋನ್ ಕಸಿದುಕೊಂಡ ನಮ್ಮ ಅತ್ತೆ. ಅವರಿಗೆ 83 ವರ್ಷ. "ಹಲಿಗಿ ಬಾಗಿಲು ಹಾಕ್ತಾರವ್ವ" ಎಂದರು. ಹಿಂದೆ ಊರಿನ ಕಿರಾಣಿ ಅಂಗಡಿಗಳಿಗೆ ಈಗಿನಂತೆ ಶಟರ್ ಇರಲಿಲ್ಲ. ಹೊಸ್ತಿಲಿನಲ್ಲೂ ಮೇಲಿನ ಪಟ್ಟಿಯಲ್ಲೂ ಗಾಡಿ, ಅಂದರೆ ತೋಡು, ಇರುತ್ತಿತ್ತು. ನಂಬರು ಬರೆದ ಹಲಗೆಗಳನ್ನು ಒಂದೊಂದಾಗಿ ಅದರಲ್ಲಿ ಕೂರಿಸಿ ಅಂಗಡಿ ಮುಚ್ಚುತ್ತಿದ್ದರು. ನಂಬರು ತಪ್ಪಿದರೆ ಕೊನೆಯ ಹಲಗೆ ಕೂರುತ್ತಿರಲಿಲ್ಲ. ಇಲ್ಲಿ ಮಾಡುತ್ತಿದ್ದದ್ದೂ ಅದನ್ನೇ, ಅಡ್ಡಡ್ಡವಾಗಿ. ಇಡೀ ಗೇಟನ್ನು ಒಂದೇ ಸಲ ಇಳಿಸುವ ಬದಲು 60 ಅಡಿ ಉದ್ದ, 4 ಅಡಿ ಎತ್ತರದ ಐದು ಉಕ್ಕಿನ ಹಲಗೆಗಳನ್ನು ಒಂದರ ಮೇಲೊಂದು ಇಳಿಸುವುದು. ಐದು ನಾಲ್ಕಲ ಇಪ್ಪತ್ತು ಎಂದು ಮಗಳು ಹಿಂದಿನಿಂದ ಕೂಗಿದಳು. ಎಂಜಿನಿಯರುಗಳು ಇದನ್ನು ಸ್ಟಾಪ್ ಲಾಗ್ ಎನ್ನುತ್ತಾರೆ.

ಈ ಉಪಾಯ ಹೇಳಿದವರು ಕನ್ನಯ್ಯ ನಾಯ್ಡು. ಆಂಧ್ರದ ಗೇಟು ತಜ್ಞರು, ನಿವೃತ್ತರು, ಎಂಬತ್ತರ ಆಸುಪಾಸಿನವರು. ಮೊದಲು ಎಲ್ಲರೂ ಅಂದುಕೊಂಡಿದ್ದು ನೀರು ಗೇಟಿನ ಬುಡದವರೆಗೆ ಇಳಿಯದೆ ಏನೂ ಮಾಡಲಾಗದು, ಅದಕ್ಕೆ 60 ಟಿಎಂಸಿಯಷ್ಟು ಹೊರಗೆ ಬಿಡಬೇಕು ಎಂದು. ಇವರು ನೀರು ಹರಿಯುತ್ತಿರುವಾಗಲೇ ಕೂರಿಸೋಣ ಎಂದರು. ಅಣೆಕಟ್ಟಿನ ಮೇಲೆ ಬಿಸಿಲು ಮಳೆಯಲ್ಲಿ ನಿಂತಿದ್ದ ಅವರ ಚಿತ್ರ ಪತ್ರಿಕೆಗಳಲ್ಲಿ ಬಂದಾಗ ನಮ್ಮ ಅತ್ತೆ, "ನೋಡ್ರಿ, ನನಗಿಂತ ಮೂರು ನಾಕು ವರ್ಷ ಸಣ್ಣವ" ಎಂದರು. ಆಮೇಲೆ ಎರಡು ದಿನ ಮನೆಯಲ್ಲಿ ಮೊಣಕಾಲು ನೋವಿನ ಮಾತೇ ಬರಲಿಲ್ಲವಂತೆ!

15ರಂದು ರಜೆ. ಗಂಗಾವತಿಯ ಹತ್ತಿರ ಹಳ್ಳಿಯಲ್ಲಿರುವ ಗೆಳೆಯನ ಮನೆಗೆ ಹೋದೆ. ಧಾರವಾಡದ ಹಾಸ್ಟೆಲಿನಲ್ಲಿ ಮೂರು ವರ್ಷ ಒಂದೇ ಕೋಣೆಯಲ್ಲಿದ್ದವರು ನಾವು. ಹೊಳೆ ಉಕ್ಕಿದರೆ ಕಂಪ್ಲಿಯ ಸೇತುವೆಯನ್ನು ನಂಬುವಂತಿಲ್ಲ, ಹುಲಿಗಿಯ ದಾರಿ ಹಿಡಿದೆ. ಹುಲಿಗೆಮ್ಮನ ಗುಡಿಗೆ ಹೋಗುವ ಜನ ಎಂದಿನಂತೆ ಇದ್ದರು. ಗುಡಿಯಿಂದ ಬರುತ್ತಿದ್ದ ಹೆಂಗಸೊಬ್ಬಳು ಬಸ್ಸಿನಲ್ಲಿ ನನ್ನ ಪಕ್ಕ ಕೂತು, "ಗೇಟು ಕುಂತರ ಉಡಿ ತುಂಬ್ತೀನಿ ಅಂತ ಬೇಡಿಕೊಂಡೀನ್ರಿ" ಎಂದಳು.

ಗಂಗಾವತಿಯ ದಾರಿಯಲ್ಲಿ ಎಡಕ್ಕೂ ಬಲಕ್ಕೂ ಭತ್ತ. ಆಗಷ್ಟೇ ನಾಟಿ ಮುಗಿದಿತ್ತು. ತಿಳಿಹಸಿರು ಸಸಿಗಳ ನಡುವೆ ನೀರು ಕನ್ನಡಿಯಂತೆ ನಿಂತಿತ್ತು. ಎಡದಂಡೆ ಕಾಲುವೆಯ ನೀರು ಅದು. ಬೆಂಗಳೂರಿನಲ್ಲಿ ನಾವು ತಿನ್ನುವ ಸೋನಾ ಮಸೂರಿಯಲ್ಲಿ ಬಹಳಷ್ಟು ಇಲ್ಲಿಯದೇ. ಗೆಳೆಯ ಗದ್ದೆಯ ಬದುವಿನ ಮೇಲೆ ಕೂತು ಲೆಕ್ಕ ಹೇಳಿದ. ಒಟ್ಟು ನಾಲ್ಕು ಎಕರೆ. ಉಳುಮೆ, ಗೊಬ್ಬರ, ನಾಟಿಯ ಆಳು ಎಲ್ಲ ಸಾಲದ ಮೇಲೆ ನಡೆದಿದೆ. ಡಿಸೆಂಬರಿನವರೆಗೆ ನೀರು ಬಂದರೆ ಮೊದಲ ಬೆಳೆ ಕೈಗೆ. ಜನವರಿಯಿಂದ ಏಪ್ರಿಲಿನವರೆಗೆ ಸಿಕ್ಕರೆ ಎರಡನೆಯದು.

"ಮೊದಲನೇ ಬೆಳಿ ಸಾಲದವರದು, ಎರಡನೇದು ನಮ್ಮದು" ಎಂದ. ಮಗಳು ರಾಯಚೂರಿನಲ್ಲಿ ಕೃಷಿ ಪದವಿ ಓದುತ್ತಿದ್ದಾಳೆ. ಅವಳ ಫೀಜು ಬರಬೇಕಾದದ್ದು ಆ ಎರಡನೆಯದರಿಂದ. ಇದನ್ನು ಅವನು ಅಳುತ್ತ ಹೇಳಲಿಲ್ಲ, ಪಕ್ಕದ ಮನೆಯ ವಿಷಯ ಹೇಳಿದಂತೆ ಹೇಳಿದ. ಊಟಕ್ಕೆ ಕೂತಾಗ ಮಾತ್ರ ಅನ್ನವನ್ನು ಕಲಸುತ್ತ ಕಲಸುತ್ತ ತಿನ್ನುವುದನ್ನೇ ಮರೆತ. ಅವನ ಹೆಂಡತಿ ಟಿವಿ ಆರಿಸಿದರು.

ಶುಕ್ರವಾರ ಮರಿಯಮ್ಮನಹಳ್ಳಿಗೆ ಹೋದೆ. ಅದು ಅತ್ತೆಯ ತವರು. ರಂಗಭೂಮಿಯವರ ಊರು ಎಂದೇ ಹೆಸರು, ಪದ್ಮಶ್ರೀ ಪಡೆದ ಮಂಜಮ್ಮ ಜೋಗತಿ ಇಲ್ಲಿಯವರೇ. ಆದರೆ ಅತ್ತೆ ಹುಟ್ಟಿದ್ದು ಇಲ್ಲಲ್ಲ. ನಾರಾಯಣದೇವರಕೆರೆ ಎಂಬ ಊರಿನಲ್ಲಿ. ಅದು ಈಗ ಜಲಾಶಯದ ಅಡಿಯಲ್ಲಿದೆ. ಹಾಗೆ ಮುಳುಗಿದ ಹಳ್ಳಿಗಳು ಸುಮಾರು ತೊಂಬತ್ತು. ಅತ್ತೆಗೆ ಆಗ ಹನ್ನೊಂದೋ ಹನ್ನೆರಡೋ. ಅವರ ಅಪ್ಪ ಮನೆಯ ತೊಲೆ, ಕಂಬ, ಬಾಗಿಲ ಚೌಕಟ್ಟು ಎಲ್ಲ ಬಿಚ್ಚಿ ಬಂಡಿಗೆ ಹೇರಿದ್ದರಂತೆ. ದೇವರುಗಳನ್ನೂ ಕರೆದುಕೊಂಡು ಬಂದರು. ಒಲೆಯ ಕಲ್ಲು ಮಾತ್ರ ಅಲ್ಲೇ ಉಳಿಯಿತು. ಅಜ್ಜಿ ಅದಕ್ಕೆ ಕುಂಕುಮ ಹಚ್ಚಿ ಬಂದಳಂತೆ. ಭಾವಮೈದುನನ ಮನೆಯ ಮುಂಬಾಗಿಲು ಈಗಲೂ ಆ ಬಂಡಿಯಲ್ಲಿ ಬಂದ ಚೌಕಟ್ಟೇ. ಎತ್ತರದವರು ತಲೆ ಬಗ್ಗಿಸಿಯೇ ಒಳಗೆ ಹೋಗಬೇಕು.

ಬೆಂಗಳೂರಿನಿಂದ ಹೊರಡುವಾಗ ಅತ್ತೆ ನನ್ನನ್ನು ಪಕ್ಕಕ್ಕೆ ಕರೆದು ಒಂದು ಮಾತು ಹೇಳಿದ್ದರು. "ನೀರೆಲ್ಲ ಹೋದರೆ ನಮ್ಮೂರು ಕಾಣ್ತದೇನೋ. ಕಂಡರೆ ಒಂದು ಫೋಟೋ ತಗೊಂಡು ಬರ್ರಿ." ಹೇಳಿದವರೇ ಕೂಡಲೇ, "ಬ್ಯಾಡ ಬ್ಯಾಡ, ನೀರು ಇರಲಿ. ಎಷ್ಟು ಮಂದಿ ಉಣ್ಣೂದು ಅದರಾಗ" ಎಂದರು. ಮತ್ತೆ ಬಾಗಿಲವರೆಗೆ ಬಂದು, "ಕಂಡರೆ ಅಷ್ಟೇ" ಎಂದರು. ರೈಲಿನಲ್ಲಿ, ಸೇತುವೆಯ ಮೇಲೆ, ಗೆಳೆಯನ ಗದ್ದೆಯಲ್ಲಿ ಎಲ್ಲರೂ ನೀರು ನಿಲ್ಲಲಿ ಎಂದು ಬೇಡುತ್ತಿದ್ದರು. ಅಷ್ಟು ಜನರಲ್ಲಿ ಅರ್ಧ ಮನಸ್ಸಿನಿಂದ ಬೇಡುತ್ತಿದ್ದವರು ನಮ್ಮ ಅತ್ತೆಯೊಬ್ಬರೇ ಇರಬೇಕು. ಅಥವಾ ಆ ತೊಂಬತ್ತು ಊರುಗಳಿಂದ ಬಂದ ಇನ್ನೂ ಕೆಲವು ಅಜ್ಜಿಯರು.

ಭಾವಮೈದುನ ಸ್ಕೂಟರಿನಲ್ಲಿ ಹಿನ್ನೀರಿನ ಅಂಚಿಗೆ ಕರೆದುಕೊಂಡು ಹೋದ. ನೀರು ಹಿಂದೆ ಸರಿದು ದಂಡೆಯಲ್ಲಿ ಒದ್ದೆ ಮಣ್ಣಿನ ಪಟ್ಟೆ ಬಿಟ್ಟಿತ್ತು. ಅದರಾಚೆ ಮತ್ತೆ ನೀರೇ, ಕಣ್ಣು ಹಾಯುವಷ್ಟು ದೂರ. ಊರು, ಗುಡಿ ಏನೂ ಕಾಣಲಿಲ್ಲ. ಬೆಳ್ಳಕ್ಕಿಗಳು ಕೆಸರಿನಲ್ಲಿ ಮೀನು ಹುಡುಕುತ್ತಿದ್ದವು. "ಊರು ಇರೋದು ಆ ಕಡೆ" ಎಂದು ಅವನು ಕೈ ತೋರಿಸಿದ ದಿಕ್ಕಿನ ಫೋಟೋ ತೆಗೆದುಕೊಂಡೆ.

ಆ ಸಂಜೆಯೇ ಮೊದಲ ಹಲಗೆ ಕೂತಿತು. ನಾವು ಟೀ ಅಂಗಡಿಯಲ್ಲಿದ್ದೆವು. ಯಾರೋ ಮೊಬೈಲ್ ಎತ್ತಿ ಹಿಡಿದರು, ಹದಿನೈದು ಇಪ್ಪತ್ತು ತಲೆಗಳು ಅದರ ಸುತ್ತ ಸೇರಿದವು. ಕ್ರೇನಿಗೆ ತೂಗಿಬಿದ್ದ ಉಕ್ಕಿನ ತುಂಡು ನೊರೆಯೊಳಗೆ ಇಳಿಯುತ್ತಿತ್ತು. ಕೂತಿತು ಎಂದ ಕೂಡಲೇ ಅಂಗಡಿಯವನು ಅಲ್ಲಿದ್ದವರಿಗೆಲ್ಲ ಎರಡನೇ ಟೀ ಬಿಟ್ಟಿ ಕೊಟ್ಟ. ಉಳಿದ ನಾಲ್ಕನ್ನು ಮರುದಿನ ಕೂರಿಸಿದರು. ಜಲಾಶಯದಲ್ಲಿ ಆಗ 70 ಟಿಎಂಸಿಯಷ್ಟು ನೀರು ಉಳಿದಿತ್ತು. ಅತ್ತೆಗೆ ಫೋಟೋ ತೋರಿಸಿದಾಗ ಕನ್ನಡಕ ಹಾಕಿಕೊಂಡು ತುಂಬ ಹೊತ್ತು ನೋಡಿದರು. ಬರೀ ನೀರಿನ ಚಿತ್ರದಲ್ಲಿ ಅಷ್ಟು ಹೊತ್ತು ನೋಡುವುದು ಏನಿದೆ ಎಂದು ಮಗಳಿಗೆ ಆಶ್ಚರ್ಯ. "ಇಲ್ಲಿ ನಮ್ಮ ಬಾವಿ" ಎಂದು ಅವರು ಬೆರಳಿಟ್ಟು ತೋರಿಸಿದರು. ಬೆರಳು ತಾಗಿ ಚಿತ್ರ ದೊಡ್ಡದಾಯಿತು, ನೀರೂ ದೊಡ್ಡದಾಯಿತು.

ಸೆಪ್ಟೆಂಬರಿನಲ್ಲಿ ಮಲೆನಾಡಿನಲ್ಲಿ ಮಳೆ ಮುಂದುವರಿದು ಜಲಾಶಯ ಮತ್ತೆ ಬಹುಪಾಲು ತುಂಬಿತು. ಆಮೇಲೊಮ್ಮೆ ಗೆಳೆಯನಿಗೆ ಫೋನ್ ಮಾಡಿದೆ. ಭತ್ತ ತೆನೆ ಬಿಚ್ಚುತ್ತಿದೆ, ರೋಗ ಇಲ್ಲ ಎಂದ. ಎರಡನೇ ಬೆಳೆಗೆ ನೀರು ಬಿಡುವ ತೀರ್ಮಾನ ಆಗ ಇನ್ನೂ ಆಗಬೇಕಿತ್ತು. ಅದಕ್ಕೆ ಮೊದಲೇ ಇವನು ಬೀಜದ ಮೂಟೆ ತಂದು ಅಟ್ಟದ ಮೇಲೆ ಇಟ್ಟಿದ್ದನಂತೆ. ಇನ್ನೂ ಬಿಚ್ಚಿರಲಿಲ್ಲ.