ತೂಬು ಮುಚ್ಚಿದವರು ಯಾರು?

ನಮ್ಮಪ್ಪ ನೀರಾವರಿ ಇಲಾಖೆಯಲ್ಲಿ ಇಂಜಿನಿಯರ್ ಆಗಿ ನಿವೃತ್ತರಾದವರು. ವಿಶ್ವೇಶ್ವರಯ್ಯ ನಾಲೆಯ ಕೊನೇ ಭಾಗದ ರೈತರ ದೂರು ಕೇಳುವುದರಲ್ಲೇ ಅವರ ಅರ್ಧ ಸರ್ವೀಸು ಕಳೆದಿತ್ತು. ಹಾಗಾಗಿ ಮಂಡ್ಯದ ನಮ್ಮ ಮನೆಯಲ್ಲಿ ಟಿವಿ ನಿಂತು ನಿಂತು ಬರತೊಡಗಿದಾಗ, ಅದೂ ಅವರಿಗೆ ನೀರಿನ ಸಮಸ್ಯೆಯಂತೆಯೇ ಕಂಡಿತು.

2023ರ ಅಕ್ಟೋಬರ್. ಮಳೆ ಕೈಕೊಟ್ಟ ವರ್ಷ, ಊರಲ್ಲಿ ಕಾವೇರಿ ನೀರಿಗಾಗಿ ಧರಣಿ. ಅದರ ನಡುವೆ ವಿಶ್ವಕಪ್. ಅಮ್ಮನಿಗೆ ಕ್ರಿಕೆಟ್ ಅಂದರೆ ಪ್ರಾಣ. ನಮ್ಮ ರಾಹುಲ್ ಆಡಲು ಬಂದರೆ ಸ್ಟವ್ ಆರಿಸಿ ಬಂದು ಕೂತುಬಿಡುತ್ತಾರೆ. ಡಿಶ್ ತೆಗೆಸಿ ಫೈಬರ್ ಹಾಕಿಸಿ ಕೆಲವೇ ತಿಂಗಳಾಗಿತ್ತು. 8ನೇ ತಾರೀಖು ಭಾನುವಾರ, ಚೆನ್ನೈನಲ್ಲಿ ಆಸ್ಟ್ರೇಲಿಯಾ ಜೊತೆ ಪಂದ್ಯ. ಭಾರತದ ಸ್ಕೋರು 2 ರನ್ನಿಗೆ 3 ವಿಕೆಟ್. ಅಲ್ಲಿಂದ ಕೊಹ್ಲಿಯೂ ರಾಹುಲೂ ಒಂದೊಂದೇ ರನ್ ಕೂಡಿಸಿಕೊಂಡು ಬಂದರು. ಇಬ್ಬರೂ ನೆಲೆ ನಿಂತರು ಅನ್ನುವಷ್ಟರಲ್ಲಿ ನಮ್ಮ ಪರದೆಯ ಮೇಲೆ ಚಕ್ರ ತಿರುಗಲು ಶುರುವಾಯಿತು. ಪಕ್ಕದ ಮನೆಯವರದು ಡಿಶ್. ಇಂಟರ್ನೆಟ್ಟಿನಲ್ಲಿ ಬರುವ ನೇರ ಪ್ರಸಾರ ಹೇಗಿದ್ದರೂ ಅದಕ್ಕಿಂತ ಹಿಂದೆಯೇ ಇರುತ್ತದೆ. ನಮ್ಮದಂತೂ ನಿಂತು ನಿಂತು ಇನ್ನೂ ಹಿಂದೆ ಬಿದ್ದಿತ್ತು. ಕೊನೆಯಲ್ಲಿ ಸಿಕ್ಸರ್ ಹೊಡೆದು ಪಂದ್ಯ ಗೆಲ್ಲಿಸಿ ರಾಹುಲ್ 97ಕ್ಕೇ ಉಳಿದದ್ದು ಅಮ್ಮನಿಗೆ ತಿಳಿದದ್ದು ಗೋಡೆಯಾಚೆಯ ಕೂಗಿನಿಂದ. ಅವರು ಏನೂ ಮಾತಾಡದೆ ಎದ್ದು ಅಡುಗೆಮನೆಗೆ ಹೋದರು. ನನಗೆ ನಿಜಕ್ಕೂ ಸಿಟ್ಟು ಬಂತು.

ಬೆಂಗಳೂರಿನಿಂದ ತಮ್ಮ ಫೋನಿನಲ್ಲಿ ಕೂಗಾಡಿದ: "ಅಕ್ಕಾ, ಮ್ಯಾಚ್ ಟೈಮಲ್ಲಿ ಬೇಕಂತ್ಲೇ ಸ್ಪೀಡ್ ಇಳಿಸ್ತಾರೆ. ದೊಡ್ಡ ಪ್ಲಾನ್ ತಗೊಳ್ಳಿ ಅಂತ ಹೀಗೆ ಮಾಡೋದು."

ಅಪ್ಪ ಮಾತ್ರ ಶಾಂತವಾಗಿದ್ದರು. "ತೂಬು ಮುಚ್ಚವ್ರೋ, ನಾಲೇನೇ ಸಾಲ್ತಿಲ್ವೋ, ಅಳೀದೆ ಹೇಳಬಾರ್ದು ಕಣವ್ವಾ. ಗದ್ದೆ ಒಣಗೋದು ಎರಡ್ರಲ್ಲೂ ಒಂದೇ. ಅರ್ಜಿ ಮಾತ್ರ ಬೇರೆ ಬೇರೆ."

ಅಳೆಯುವ ಕೆಲಸ ನನ್ನ ಪಾಲಿಗೆ ಬಂತು. ರೂಟರ್ ಇದ್ದದ್ದು ಹಾಲ್‌ನಲ್ಲಿ, ಟಿವಿ ಒಳಕೋಣೆಯಲ್ಲಿ, ನಡುವೆ ದಪ್ಪ ಗೋಡೆ. ವೈಫೈ ಮೇಲೆ ಅನುಮಾನ ಬರುವುದು ಸಹಜ, ಹಾಗಾಗಿ ಉದ್ದನೆಯ ಲ್ಯಾನ್ ಕೇಬಲ್ ತಂದು ನೆಲದ ಮೇಲೇ ಎಳೆದು ಟಿವಿಗೆ ಚುಚ್ಚಿದೆ. ಹಗಲು ಆಗಾಗ ಎಡವುತ್ತಿದ್ದ ಚಿತ್ರ ಸರಿಹೋಯಿತು. ರಾತ್ರಿ ಎಂಟಾಗುತ್ತಿದ್ದಂತೆ ಮತ್ತೆ ಅದೇ ಚಕ್ರ. ಲ್ಯಾಪ್‌ಟಾಪಿನಿಂದ ರೂಟರಿಗೆ ಪಿಂಗ್ ಮಾಡಿದರೆ ಯಾವ ಹೊತ್ತಿನಲ್ಲೂ ಒಂದೆರಡು ಮಿಲಿಸೆಕೆಂಡಿನಲ್ಲಿ ಉತ್ತರ. ಅದೇ ಹೊರಗಿನ ಸರ್ವರಿಗೆ ಮಾಡಿದರೆ ಬೆಳಿಗ್ಗೆ 20ರ ಆಸುಪಾಸು, ರಾತ್ರಿ 200 ದಾಟುತ್ತಿತ್ತು, ಕೆಲವಕ್ಕೆ ಉತ್ತರವೇ ಇಲ್ಲ. ರಾತ್ರಿಯ ತೊಂದರೆ ಮನೆಯೊಳಗಿನದಲ್ಲ ಎಂದಾಯಿತು.

ತಿಂಗಳ ಡೇಟಾ ಮಿತಿ ದಾಟಿತ್ತೆ? ಅದೂ ಇಲ್ಲ. ಮಿತಿ ಮುಗಿದರೆ ವೇಗ ಇಳಿಸುವುದು ಕಂಪನಿಗಳ ಹಳೇ ರೂಢಿ. ಆದರೆ ಬಳಕೆ ಶೇ. 50, 90, 100 ಮುಟ್ಟಿದಾಗ ಗ್ರಾಹಕರಿಗೆ ತಿಳಿಸಬೇಕು, ಇಳಿಸಿದರೂ 512 ಕೆಬಿಪಿಎಸ್‌ಗಿಂತ ಕೆಳಗೆ ಹೋಗಬಾರದು ಎಂದು 2016ರಲ್ಲೇ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ (ಟ್ರಾಯ್) ಆದೇಶ ಮಾಡಿತ್ತು. ನಮಗೆ ಅಂಥ ಒಂದು ಮೆಸೇಜೂ ಬಂದಿರಲಿಲ್ಲ.

ಲೈನ್ ನೋಡುವ ಹುಡುಗ ಬಂದ. ಒಳ್ಳೆಯ ಹುಡುಗ, ಬಿಸಿಲಲ್ಲಿ ಕಂಬ ಹತ್ತಿ ಇಳಿದು ಸುಸ್ತಾಗಿದ್ದ. ಫೈಬರ್ ತುದಿಯನ್ನು ಮೀಟರಿಗೆ ಸಿಕ್ಕಿಸಿ ಅಪ್ಪನಿಗೇ ತೋರಿಸಿದ: ಮೈನಸ್ 21 ಡಿಬಿಎಂ. "ಲೈಟ್ ಚೆನ್ನಾಗೈತೆ ಸಾ. ಮೈನಸ್ 27 ದಾಟಿದ್ರೆ ತೊಂದ್ರೆ." ಆಮೇಲೆ ಸ್ಪೀಡ್ ಟೆಸ್ಟ್ ಒತ್ತಿದ: 96 ಎಂಬಿಪಿಎಸ್. ನೂರರ ಪ್ಲಾನಿಗೆ 96 ಬಂದ ಮೇಲೆ ಇನ್ನೇನು ಕೇಳುವುದು!

ಆ ಟೆಸ್ಟಿನ ಕೆಳಗೆ ಸಣ್ಣ ಅಕ್ಷರದಲ್ಲಿ ಸರ್ವರಿನ ಹೆಸರಿರುತ್ತದೆ. ಹೆಚ್ಚಿನವರು ಅದನ್ನು ಓದುವುದೇ ಇಲ್ಲ. ನಮ್ಮಲ್ಲಿ ಅದು ಕಂಪನಿಯದ್ದೇ ಸರ್ವರು. ಅಂದರೆ ಅಳತೆಯೆಲ್ಲ ಅವರ ಜಾಲದ ಒಳಗೇ ಮುಗಿಯುತ್ತಿತ್ತು. ಆವತ್ತು ರಾತ್ರಿ ಮುಂಬೈಯ ಬೇರೊಂದು ಕಂಪನಿಯ ಸರ್ವರನ್ನು ಆರಿಸಿ ಒತ್ತಿದೆ. ಮುಳ್ಳು ಏಳಲೇ ಇಲ್ಲ. 4ರ ಹತ್ತಿರ ತೂರಾಡಿ ನಿಂತಿತು. ಬೆಳಿಗ್ಗೆ ಆರಕ್ಕೆ ಅದೇ ಸರ್ವರು 90 ಕೊಟ್ಟಿತು. ಕ್ರಿಕೆಟ್ ಹೆಚ್ಚು ನಿಲ್ಲುತ್ತಿದ್ದುದರ ಕಾರಣವೂ ಆಗ ತಿಳಿಯಿತು. ಸಿನಿಮಾ ಆದರೆ ಟಿವಿ ಮುಂದಿನ ದೃಶ್ಯಗಳನ್ನು ಮೊದಲೇ ತುಂಬಿಸಿಟ್ಟುಕೊಂಡು ಸ್ವಲ್ಪ ಹೊತ್ತು ತಳ್ಳುತ್ತದೆ. ಇನ್ನೂ ಎಸೆಯದ ಚೆಂಡನ್ನು ಎಲ್ಲಿಂದ ತುಂಬಿಸಿಟ್ಟುಕೊಳ್ಳುವುದು?

ನನ್ನ ಫೋನಿನ ಹಾಟ್‌ಸ್ಪಾಟಿಗೆ ಟಿವಿಯನ್ನು ಸೇರಿಸಿದಾಗ ಅದೇ ರಾತ್ರಿ, ಅದೇ ಆ್ಯಪ್ ನೀಟಾಗಿ ಓಡಿತು. ಆದರೆ ಎಚ್‌ಡಿ ಚಿತ್ರ ಗಂಟೆಗೆ ಎರಡು ಮೂರು ಜಿಬಿ ತಿನ್ನುತ್ತದೆ. ದಿನದ ಪ್ಯಾಕು ಬೇಗನೆ ಬರಿದಾಯಿತು.

ಉಳಿದದ್ದು ತಮ್ಮನ ಆರೋಪ. ಒಂದೇ ಆ್ಯಪನ್ನು ಗುರುತಿಸಿ ನಿಧಾನ ಮಾಡುತ್ತಿದ್ದರೆ ಉಳಿದವು ಓಡಬೇಕು, ಯಾವ ಆ್ಯಪ್ ಎಂಬುದನ್ನು ಕಂಪನಿಯಿಂದ ಮರೆಮಾಚುವ ವಿಪಿಎನ್ ಹಾಕಿದರೆ ವ್ಯತ್ಯಾಸ ಕಾಣಬೇಕು. ನಮ್ಮಲ್ಲಿ ರಾತ್ರಿ ಬ್ಯಾಂಕಿನ ಪುಟವೂ ತೆವಳುತ್ತಿತ್ತು, ವಾಟ್ಸಾಪ್ ಫೋಟೋ ಕೂಡ. ವಿಪಿಎನ್‌ನಿಂದ ಏನೂ ಬದಲಾಗಲಿಲ್ಲ. ಯಾವುದೇ ಸೇವೆಯನ್ನು ಬೇಕೆಂದೇ ನಿಧಾನಗೊಳಿಸಬಾರದು ಎಂಬ ಟ್ರಾಯ್ ಶಿಫಾರಸನ್ನು ದೂರಸಂಪರ್ಕ ಇಲಾಖೆ 2018ರ ಜುಲೈನಲ್ಲಿ ಒಪ್ಪಿಕೊಂಡಿದೆ. ಸಾಕ್ಷಿಯಿಲ್ಲದೆ ಆ ಆರೋಪ ಹೊರಿಸಿದರೆ ಅವರು "ಇಲ್ಲ" ಎಂದು ಒಂದೇ ಮಾತಿನಲ್ಲಿ ಮುಗಿಸುತ್ತಾರೆ. ನಾಲೆಯ ಅಗಲಕ್ಕೆ ಮೀರಿ ಸಂಪರ್ಕ ಮಾರಿದ್ದೀರಿ ಎಂದರೆ ಅಷ್ಟು ಸುಲಭವಾಗಿ ಜಾರಿಕೊಳ್ಳಲಾಗದು. ನನ್ನ ಮಟ್ಟಿಗೆ ಅದೇನೂ ಸಣ್ಣ ತಪ್ಪಲ್ಲ: ಪೂರ್ತಿ ದುಡ್ಡು ತೆಗೆದುಕೊಂಡು ಸಂಜೆಯ ಹೊತ್ತು ಕಾಲುಪಾಲೂ ಕೊಡದಿರುವುದು ಮೋಸವೇ.

ಅಷ್ಟರಲ್ಲಿ ಅಮ್ಮ ತಮ್ಮ ಪಾಡಿಗೆ ಒಂದು ಕೆಲಸ ಮಾಡಿದ್ದರು. ಗೋಡೆಯ ಕ್ಯಾಲೆಂಡರಿನಲ್ಲಿ ಹಾಲಿನ ಲೆಕ್ಕದ ಪಕ್ಕದಲ್ಲೇ ಪೆನ್ಸಿಲಿನಿಂದ "8-10 ನಿಂತಿತು", "8-40 ನಿಂತಿತು", "11 ಸರಿ" ಎಂದು ಬರೆದಿಟ್ಟಿದ್ದರು. ಅಪ್ಪ ಅದನ್ನು ನೋಡಿ, "ಗೇಜ್ ರಿಜಿಸ್ಟರ್ ಸಿಕ್ತಲ್ಲ!" ಎಂದು ಖುಷಿಪಟ್ಟರು.

ದೂರು ಕೊಟ್ಟೆವು, ಡಾಕೆಟ್ ನಂಬರ್ ಬಂತು. ರೂಟರ್ ಆಫ್ ಮಾಡಿ ಆನ್ ಮಾಡಿ ಎಂದು ಹೇಳಿ, "ಪರಿಹರಿಸಲಾಗಿದೆ" ಎಂದು ಮುಚ್ಚಿದರು. ಅಪ್ಪ ಬಿಡಲಿಲ್ಲ. ಕ್ಯಾಲೆಂಡರಿನ ಫೋಟೋ, ಎರಡು ಸರ್ವರುಗಳ ಅಳತೆ, ಪಿಂಗ್ ಉತ್ತರ ಎಲ್ಲವನ್ನೂ ಲಗತ್ತಿಸಿ ಕಂಪನಿಯ ಮೇಲ್ಮನವಿ ಪ್ರಾಧಿಕಾರಕ್ಕೆ ಕಳಿಸಿದರು. ಪತ್ರದಲ್ಲಿ 'ಬೇಕೆಂದೇ' ಅನ್ನುವ ಮಾತೇ ಇರಲಿಲ್ಲ.

ಕೆಲವು ದಿನದ ಮೇಲೆ ಬೆಂಗಳೂರಿನಿಂದ ಒಬ್ಬ ಇಂಜಿನಿಯರ್ ಫೋನ್ ಮಾಡಿದರು. "ಸಾರ್, ಮಂಡ್ಯದಿಂದ ಇಲ್ಲಿಗೆ ಬರೋ ಲಿಂಕ್ ಸಂಜೆ ಹೊತ್ತು ಫುಲ್ ಆಗ್ತಿದೆ. ವಿಶ್ವಕಪ್ಪಿಗೆ ಅಂತ ಕನೆಕ್ಷನ್ ಜಾಸ್ತಿ ಆಗಿವೆ. ಲಿಂಕ್ ದೊಡ್ಡದು ಮಾಡ್ತಾ ಇದ್ದೀವಿ."

"ನಿಜ ಹೇಳಿದ್ರಿ, ಸಂತೋಷ. ಅದನ್ನೇ ಬರವಣಿಗೇಲಿ ಕೊಡಿ," ಅಂದರು ಅಪ್ಪ.

ಮೇಲ್ ಬಂತು. ಲಿಂಕೂ ಅಗಲವಾಯಿತು, ಆ ತಿಂಗಳ ಬಾಡಿಗೆಯಲ್ಲಿ ಅರ್ಧ ಕಡಿತವಾಯಿತು. ಅಪ್ಪ ಆ ಇಮೇಲಿನ ಜೆರಾಕ್ಸ್ ಮಾಡಿಸಿ, ನಮ್ಮ ಬೀದಿಯಲ್ಲಿ ಅದೇ ಕನೆಕ್ಷನ್ ಇದ್ದ ಮನೆಗಳಿಗೆಲ್ಲ ಹಂಚಿ, ಅವರವರ ಬಿಲ್ಲಿಗೂ ಅರ್ಜಿ ಬರೆದುಕೊಟ್ಟು ಬಂದರು.